ಕಣ್ಣು ಮುಚ್ಚಿ ಕೊಟ್ಟ ಚಾರ್ಜು

ಧೈರ್ಯದ ವಿಷಯದಲ್ಲಿ ನನ್ನತ್ತ ಯಾರೂ ಬೆರಳು ತೋರಿಸುವಂತಿಲ್ಲ. ಕಾಳಿ ನದಿಯ ಸೇತುವೆಯ ಮೇಲೆ ನಿಂತು, ಕೆಳಗೆ ಬಂಡೆಯ ಮೇಲೆ ಬಿಸಿಲು ಕಾಯುತ್ತಿದ್ದ ಮೊಸಳೆಯನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿದವನು ನಾನು. ನಮ್ಮ ಕ್ವಾರ್ಟರ್ಸಿನ ಬಚ್ಚಲಿಗೆ ಹಾವು ಬಂದಾಗ ಒಂದೇ ಕೂಗಿಗೆ ಇಡೀ ಸಾಲಿನ ಮನೆಗಳನ್ನು ಹೊರಗೆ ತಂದವನೂ ನಾನೇ. ಆ ಕೂಗನ್ನು ಜನ ಇವತ್ತಿಗೂ ನೆನೆಸಿಕೊಳ್ಳುತ್ತಾರೆ. ಇಂಥ ನನಗೆ ಟೀವಿಯೊಳಗಿನ ದೆವ್ವ ಯಾವ ಲೆಕ್ಕ?

ನಾನು ದಾಂಡೇಲಿಯ ಕಾಗದದ ಮಿಲ್ಲಿನಲ್ಲಿ ಡ್ರೈಯರ್ ನೋಡಿಕೊಳ್ಳುವವನು. ಹಸಿ ಕಾಗದ ದೊಡ್ಡ ದೊಡ್ಡ ಬಿಸಿ ಉರುಳೆಗಳ ಮೇಲೆ ಸುತ್ತಿ ಸುತ್ತಿ ಒಣಗುವ ಜಾಗ ಅದು. ಕೆಲಸ ಪಾಳಿಯದ್ದು. ಬೆಳಿಗ್ಗೆ ಆರರಿಂದ ಮಧ್ಯಾಹ್ನ ಎರಡರವರೆಗೆ ನನ್ನದಾದರೆ, ಎರಡಕ್ಕೆ ಬಂದು ನನ್ನನ್ನು ಬಿಡಿಸುವವನು ಇನಾಸ. ಹಳಿಯಾಳದ ಆಚೆ ಕಾಡಂಚಿನ ಸಿದ್ದಿ ಕೇರಿಯವನು. ನನಗಿಂತ ಆರೇಳು ವರ್ಷ ಚಿಕ್ಕವನು, ಮಾತು ಕಡಿಮೆ, ಕೆಲಸ ಅಚ್ಚುಕಟ್ಟು. ಹೋಗುವವನು ಬರುವವನಿಗೆ ಮಷಿನ್ನಿನ ಸ್ಥಿತಿಗತಿ ಹೇಳುವುದಕ್ಕೆ ನಮ್ಮಲ್ಲಿ ಚಾರ್ಜು ಕೊಡುವುದು ಎನ್ನುತ್ತಾರೆ. ಯಾವ ಬೇರಿಂಗ್ ಬಿಸಿ ಇದೆ, ಎಲ್ಲಿ ಕಾಗದ ಹರಿಯುತ್ತಿದೆ, ಯಾವುದಕ್ಕೆ ಎಣ್ಣೆ ಹಾಕಿದೆ, ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಹೇಳಬೇಕು. ಅಲ್ಲಿ ಸುಳ್ಳು ಹೇಳಿದರೆ ಬರುವವನ ಕೈ ಹೋಗುತ್ತದೆ. ಹನ್ನೊಂದು ವರ್ಷದಿಂದ ಇನಾಸ ನನ್ನ ಮಾತಿನ ಮೇಲೆ ಮಷಿನ್ ತೆಗೆದುಕೊಂಡಿದ್ದಾನೆ. ಒಂದು ದಿನವೂ ತಾನಾಗಿ ಹೋಗಿ ಮುಟ್ಟಿ ನೋಡಿದವನಲ್ಲ. ಬೋನಸ್ಸಿಗಿಂತ ನನಗೆ ಅದರದ್ದೇ ಹೆಚ್ಚು ಹೆಮ್ಮೆ.

ಈ ಚಾರ್ಜಿನೊಳಗೆ ದೆವ್ವ ಹೇಗೆ ಸೇರಿಕೊಂಡಿತು ಎಂಬುದನ್ನು ಹೇಳಬೇಕು. ಸಂಜೆ ಏಳಕ್ಕೆ ಒಂದು ಧಾರಾವಾಹಿ ಬರುತ್ತಿತ್ತು. ಅದರ ಹೆಸರನ್ನು ಬಾಯಿಬಿಟ್ಟು ಹೇಳಲು ನನಗೆ ಈಗಲೂ ಮನಸ್ಸಾಗುವುದಿಲ್ಲ. ಗುಡ್ಡದ ಮೇಲೆ ಒಂದು ಹಳೇ ಬಂಗಲೆ. ಅದಕ್ಕೆ ಹೊಸದಾಗಿ ಬಂದ ಸೊಸೆ. ಮಹಡಿಯ ಕೊನೆಯಲ್ಲಿ ಬೀಗ ಹಾಕಿದ ಒಂದು ಕೋಣೆ. ಒಳಗಿನಿಂದ ಗೆಜ್ಜೆಯ ಸಪ್ಪಳ. ಇಷ್ಟು ದೊಡ್ಡ ಬಂಗಲೆಯಲ್ಲಿ ಒಂದಾದರೂ ಟ್ಯೂಬ್‌ಲೈಟ್ ಯಾಕಿಲ್ಲ, ಸಪ್ಪಳ ಕೇಳಿದಲ್ಲಿಗೇ ಈ ಹುಡುಗಿ ಮೇಣದಬತ್ತಿ ಹಿಡಿದು ಯಾಕೆ ಹೋಗುತ್ತಾಳೆ ಎಂದು ಕೇಳಬೇಡಿ. ನಾನೂ ಕೇಳುತ್ತಿರಲಿಲ್ಲ. ನನ್ನ ತಲೆಯಲ್ಲಿ ಕೊರೆಯುತ್ತಿದ್ದದ್ದು ಒಂದೇ ಪ್ರಶ್ನೆ: ಆ ಬಾಗಿಲ ಹಿಂದೆ ಇರುವವರು ಯಾರು?

ಎರಡನೇ ಪಾಳಿಯಲ್ಲಿ ಇದ್ದವನಿಗೆ ಏಳು ಗಂಟೆಯ ಧಾರಾವಾಹಿ ತಪ್ಪುತ್ತದೆ. ನನ್ನ ಪಾಳಿ ಎರಡನೆಯದಿದ್ದಾಗ ಇನಾಸ ಮನೆಯಲ್ಲಿ ನೋಡಿಕೊಂಡು ಬಂದು ನನಗೆ ಹೇಳುತ್ತಿದ್ದ. ಹೇಳುವ ರೀತಿಯೋ, ಮೀಟರ್ ಓದಿದಂತೆ. ಸೊಸೆ ಮೆಟ್ಟಿಲು ಹತ್ತಿದಳು, ಇಳಿದಳು, ಬಾಗಿಲು ಬಂದ್, ಇಷ್ಟೇ. ಹದಿನೈದು ದಿನಕ್ಕೆ ಪಾಳಿ ಬದಲಾಗಿ ಅವನದು ಎರಡನೆಯದಾದಾಗ ಹೇಳುವ ಸರದಿ ನನ್ನದು. ನಾನು ಕೈ ತಿರುಗಿಸಿ, ದನಿ ಇಳಿಸಿ, ಗಾಳಿಯ ಸಪ್ಪಳವನ್ನೂ ಬಾಯಲ್ಲೇ ತೆಗೆದು ಹೇಳುತ್ತಿದ್ದೆ. ಪಕ್ಕದ ಮಷಿನ್ನಿನವರೂ ಬಂದು ನಿಲ್ಲುತ್ತಿದ್ದರು. ಮೊಬೈಲಿನಲ್ಲಿ ನೋಡಬಹುದಲ್ಲ ಎಂದು ನೀವು ಅನ್ನಬಹುದು. ಮೊಬೈಲನ್ನು ನಮ್ಮಲ್ಲಿ ಗೇಟಿನಲ್ಲೇ ಇಟ್ಟು ಬರಬೇಕು. ಇನಾಸನ ಊರಿನಲ್ಲಿ ರೇಂಜ್ ಬೇಕಾದರೆ ಗುಡ್ಡ ಹತ್ತಬೇಕು. ಇನ್ನು ನನ್ನ ಮಾತು ಬಿಡಿ. ದೆವ್ವವನ್ನು ಅಂಗೈಯಲ್ಲಿ ಹಿಡಿದುಕೊಂಡು ಕೂರುವುದು ಎಂದರೇನು!

ಈಗ ಒಂದು ಸತ್ಯ ಹೇಳಿಬಿಡುತ್ತೇನೆ. ಆ ಧಾರಾವಾಹಿಯ ಭಯದ ಭಾಗವನ್ನು ನಾನು ಒಂದು ದಿನವೂ ನೋಡಿದವನಲ್ಲ. ಪಿಟೀಲು ಕುಯ್ಯಲು ಶುರುವಾದ ಕೂಡಲೇ ನನಗೆ ಬಾಯಾರಿಕೆ ಆಗುತ್ತಿತ್ತು. ಅಡುಗೆಮನೆಗೆ ಹೋಗಿ ಎರಡು ಲೋಟ ನೀರು ಕುಡಿದು ಬರುತ್ತಿದ್ದೆ. ಏಳಲು ಆಗದಿದ್ದರೆ ಹೆಗಲ ಮೇಲಿನ ಟಾವೆಲ್ಲಿನಿಂದ ಮುಖದ ಬೆವರು ಒರೆಸಿಕೊಳ್ಳುತ್ತಿದ್ದೆ. ಜಾಹೀರಾತು ಬರುವವರೆಗೂ ಒರೆಸಿಕೊಳ್ಳುತ್ತಿದ್ದೆ. ಆದರೆ ಕಿವಿ ತೆರೆದೇ ಇರುತ್ತಿತ್ತು. ಕಿರ್ ಎಂದರೆ ಬಾಗಿಲು, ಝಲ್ ಎಂದರೆ ಗೆಜ್ಜೆ, ಧಡ್ ಎಂದರೆ ಯಾರೋ ಬಿದ್ದರು. ಉಳಿದದ್ದನ್ನು ನಾನೇ ಕೂಡಿಸಿಕೊಳ್ಳುತ್ತಿದ್ದೆ. ಒಂದು ಸಲವೂ ತಪ್ಪಿರಲಿಲ್ಲ. ತಪ್ಪಿದ್ದರೂ ಯಾರಿಗೂ ಗೊತ್ತಾಗಿರಲಿಲ್ಲ.

ಆ ವಾರವಿಡೀ ಟೀವಿಯಲ್ಲಿ ಒಂದೇ ಘೋಷಣೆ: ಶುಕ್ರವಾರ ಆ ಬಾಗಿಲು ತೆರೆಯಲಿದೆ! ಕ್ಯಾಂಟೀನಿನಲ್ಲಿ ಅದೇ ಮಾತು. ಒಳಗೆ ಮಾವನ ಅಣ್ಣ ಇದ್ದಾನೆಂದು ಒಬ್ಬ, ಏನೂ ಇಲ್ಲ ಬರೀ ಇಲಿ ಎಂದು ಇನ್ನೊಬ್ಬ. ನಾನಂತೂ ಈ ಸಲ ಏನಾದರಾಗಲಿ ಕಣ್ಣು ಬಿಟ್ಟು ನೋಡಿಯೇ ನೋಡುತ್ತೇನೆಂದು ನಿಶ್ಚಯಿಸಿದೆ. ಹೆಂಡತಿ ಸುವರ್ಣಾ ತಂಗಿಯ ಮಗುವಿನ ತೊಟ್ಟಿಲ ಕಾರ್ಯಕ್ಕೆಂದು ಮುಂಡಗೋಡದ ಹತ್ತಿರದ ಮಳಗಿಗೆ ಹೋಗಿದ್ದಳು. ಮನೆಯಲ್ಲಿ ನಾನೊಬ್ಬನೇ. ಬಾಗಿಲು ಹಾಕಿದರೆ ಹೆದರಿಕೆ, ತೆಗೆದಿಟ್ಟರೆ ಇನ್ನೂ ಹೆದರಿಕೆ. ಕೊನೆಗೆ ಅರ್ಧ ತೆಗೆದಿಟ್ಟು, ಎಲ್ಲ ದೀಪ ಹಾಕಿ, ಬಚ್ಚಲಿನದ್ದನ್ನೂ ಹಾಕಿ, ಟಾವೆಲ್ಲನ್ನು ಕೈಗೆ ಸಿಗದಂತೆ ಬೀರುವಿನ ಮೇಲೆ ಎಸೆದು ಕುಳಿತೆ.

ಸೊಸೆ ಮೆಟ್ಟಿಲು ಹತ್ತಿದಳು. ನೋಡಿದೆ. ಮೇಣದಬತ್ತಿ ನಡುಗಿತು. ಅದನ್ನೂ ನೋಡಿದೆ. ಆಕೆಯ ಕೈ ಚಿಲಕದ ಹತ್ತಿರ ಹೋಯಿತು. ಅಷ್ಟರಲ್ಲಿ ನನ್ನ ರೆಪ್ಪೆಗಳು ನನ್ನನ್ನು ಒಂದು ಮಾತು ಕೇಳದೆ ಮುಚ್ಚಿಕೊಂಡವು. ಕತ್ತಲಲ್ಲಿ ಕಿರ್ ಎಂದಿತು. ಝಲ್ ಎಂದಿತು. ಎಲ್ಲೋ ಒಂದು ಕೂಸು ಅತ್ತಿತು. ಆಮೇಲೆ ಸೊಸೆ ಕಿಟಾರನೆ ಚೀರಿದಳು. ಆಕೆಗಿಂತ ಅರ್ಧ ಕ್ಷಣ ಮೊದಲು ನಾನು ಚೀರಿದ್ದೆ. ಕಣ್ಣು ಬಿಟ್ಟಾಗ ಒಬ್ಬ ಹೆಂಗಸು ನಗುನಗುತ್ತಾ ಅಂಗಿಯ ಕಾಲರ್ ತಿಕ್ಕುತ್ತಿದ್ದಳು. ಸೋಪಿನ ಜಾಹೀರಾತು!

ಶನಿವಾರ ಎರಡು ಗಂಟೆಗೆ ಇನಾಸ ಬಂದ. ಮಷಿನ್ನಿನ ಚಾರ್ಜು ಕೊಟ್ಟೆ. ಅವನು ತಲೆ ಆಡಿಸಿ ಪುಸ್ತಕಕ್ಕೆ ಸಹಿ ಹಾಕಿದ. ಆಮೇಲೆ ಎಂದೂ ಇಲ್ಲದ ಆಸೆಯಿಂದ ನನ್ನ ಹತ್ತಿರ ಬಂದು ನಿಂತ. ಅವನ ಕೇರಿಯಲ್ಲಿ ಟ್ರಾನ್ಸ್‌ಫಾರ್ಮರ್ ಸುಟ್ಟು ನಾಲ್ಕು ದಿನವಾಗಿತ್ತಂತೆ. ಹತ್ತು ಮನೆಗಳಲ್ಲಿ ಯಾರೂ ಆ ಸಂಚಿಕೆ ನೋಡಿಲ್ಲ. ಅವನ ತಾಯಿ ಮರಿಯಾಬಾಯಿ, ಈರಣ್ಣನನ್ನು, ಅಂದರೆ ನನ್ನನ್ನು, ಕೇಳಿಕೊಂಡು ಬಾ, ಅವನು ಹೇಳಿದರೆ ನೋಡಿದ ಹಾಗೇ ಆಗುತ್ತದೆ ಎಂದು ಕಳಿಸಿದ್ದಳಂತೆ.

"ಬಾಗಲಾ ತಗದ್ಲೇನ್ರಿ?" ಎಂದ.

ಕಣ್ಣು ಮುಚ್ಚಿದ್ದೆ ಮಾರಾಯ, ನನಗೆ ಗೊತ್ತಿಲ್ಲ. ಇಷ್ಟು ಹೇಳಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ಆದರೆ ಅವನಂತೆಯೇ ಸಂಚಿಕೆ ತಪ್ಪಿಸಿಕೊಂಡ ಪಕ್ಕದ ಮಷಿನ್ನಿನ ಎರಡನೇ ಪಾಳಿಯವರು ಆಗಲೇ ಬಂದು ನಿಂತಿದ್ದರು.

"ತಗದ್ಲು," ಎಂದೆ.

ಒಮ್ಮೆ ತೆಗೆದ ಮೇಲೆ ಒಳಗೆ ಯಾರನ್ನಾದರೂ ಕೂರಿಸಬೇಕಲ್ಲ? ಕೂಸು ಅತ್ತಿತ್ತು, ಹಾಗಾಗಿ ಒಂದು ತೊಟ್ಟಿಲು ಇಟ್ಟೆ. ಗೆಜ್ಜೆ ಕೇಳಿತ್ತು, ಹಾಗಾಗಿ ತೊಟ್ಟಿಲು ತೂಗುತ್ತಾ ಒಬ್ಬ ಹೆಂಗಸನ್ನು ಕೂರಿಸಿದೆ. ಬೆನ್ನು ಈ ಕಡೆ. ಕೂದಲು ನೆಲದ ಮೇಲೆಲ್ಲ ಹರಿದಿದೆ. ತೊಟ್ಟಿಲು ಖಾಲಿ. ಕೋಣೆಗೆ ಕಿಟಕಿ ಇಲ್ಲ, ಇಪ್ಪತ್ತು ವರ್ಷದಿಂದ ಬೆಳಕು ಕಂಡಿಲ್ಲ. ಆಕೆ ಮೆಲ್ಲಗೆ ತಿರುಗುತ್ತಾಳೆ. ತಿರುಗಿದರೆ, ಸೊಸೆಯದ್ದೇ ಮುಖ! ಹೇಳುತ್ತಾ ಹೇಳುತ್ತಾ ನನಗೇ ಮೈ ಜುಮ್ಮೆಂದಿತು. ಇನಾಸ ಪೂರ್ತಿ ಕೇಳಿ, ಮಷಿನ್ನಿನ ಚಾರ್ಜು ತೆಗೆದುಕೊಂಡಷ್ಟೇ ಗಂಭೀರವಾಗಿ ತಲೆ ಆಡಿಸಿ ಕೆಲಸಕ್ಕೆ ಹೋದ. ಆ ತಲೆ ಆಡಿಸಿದ್ದು ನನಗೆ ಒಳಗೆಲ್ಲೋ ಚುಚ್ಚಿತು. ಹನ್ನೊಂದು ವರ್ಷದಲ್ಲಿ ನಾನು ಅವನಿಗೆ ಕೊಟ್ಟ ಮೊದಲ ಸುಳ್ಳು ಚಾರ್ಜು ಅದು.

ಭಾನುವಾರ ನಮ್ಮಿಬ್ಬರಿಗೂ ರಜೆ. ಬೆಳಿಗ್ಗೆ ಹತ್ತಕ್ಕೆ ಇನಾಸನ ಫೋನು. ಗುಡ್ಡ ಹತ್ತಿ ಮಾತಾಡುತ್ತಿದ್ದುದರಿಂದ ಏದುಸಿರು. ಇಗರ್ಜಿಯಲ್ಲಿ ಭಾನುವಾರದ ಪ್ರಾರ್ಥನೆ ಮುಗಿಸಿ ಬಂದವರಿಗೆಲ್ಲ ಅವನು ಕತೆ ಹೇಳಿದನಂತೆ. ಜನ ಬಾಯಿ ಬಿಟ್ಟುಕೊಂಡು ಕೇಳಿದರಂತೆ. ಮರಿಯಾಬಾಯಿ ಕೋಳಿ ಕೊಯ್ಯಿಸಿದ್ದಾಳೆ, ವೈನಿಯನ್ನೂ, ಅಂದರೆ ನನ್ನ ಹೆಂಡತಿಯನ್ನೂ, ಕರೆದುಕೊಂಡು ಊಟಕ್ಕೆ ಬರಲೇಬೇಕಂತೆ. ನಾನು ಉಬ್ಬಿಹೋದೆ. ಹಿಂದಿನ ರಾತ್ರಿಯಷ್ಟೇ ಮಳಗಿಯಿಂದ ಬಂದಿದ್ದ ಸುವರ್ಣಾಳಿಗೆ ಹೊಸ ಅಂಗಿ ತೆಗೆಯಲು ಕೈಸನ್ನೆ ಮಾಡಿದೆ. ಫೋನ್ ಇಡುವ ಮೊದಲು ಇನಾಸ ಇನ್ನೊಂದು ಸುದ್ದಿ ಹೇಳಿದ.

"ಟ್ರಾನ್ಸ್‌ಫಾರ್ಮರ್ ಹೊಸಾದು ಹಾಕ್ಯಾರ್ರಿ. ಕರೆಂಟ ಬಂದೈತಿ. ಎರಡಕ್ಕ ಆ ಸಂಚಿಕೆ ಇನ್ನೊಮ್ಮೆ ತೋರಸ್ತಾರಂತ. ಎಲ್ಲಾರೂ ಕೂಡೇ ನೋಡೂಣು ಬರ್ರಿ."

ಹೊಟ್ಟೆನೋವು ಎಂದು ಹೇಳೋಣವೆಂದರೆ ಫೋನು ಕಟ್ಟಾಗಿತ್ತು. ಸುವರ್ಣಾ ಆಗಲೇ ಡಬ್ಬಿಗೆ ಶೇಂಗಾ ಹೋಳಿಗೆ ತುಂಬುತ್ತಿದ್ದಳು.

ಹಳಿಯಾಳದ ಬಸ್ಸಿನಲ್ಲಿ ಕಿಟಕಿಯ ಹತ್ತಿರ ಕುಳಿತು ಯೋಚಿಸಿದೆ. ನನ್ನ ಊಹೆ ನಿಜವೇ ಇರಬಾರದೇಕೆ? ಕೂಸಿನ ದನಿ ಇತ್ತು, ಗೆಜ್ಜೆ ಇತ್ತು. ಆಗ ಹೊಳೆಯಿತು, ಸುವರ್ಣಾ ಮಳಗಿಯಲ್ಲಿ ಆ ಸಂಚಿಕೆ ನೋಡಿರಬೇಕು. ಮೆಲ್ಲಗೆ, ಬಾಗಿಲು ತೆರೆದ ಮೇಲೆ ಆ ಹೆಂಗಸು ತಿರುಗಿ ನೋಡಿದ್ದು ನಿನಗೂ ಹೆದರಿಕೆ ಆಯಿತೇನೆ ಎಂದು ಕೇಳಿದೆ. ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ನೀವು ನೋಡಿದ್ರಿ?"

"ನೋಡದ ಬಿಡ್ತೀನೇನು."

"ನೋಡೀರಂದ್ರ ಮತ್ಯಾಕ ಕೇಳ್ತೀರಿ?"

ಎರಡು ನಿಲ್ದಾಣ ದಾಟುವವರೆಗೂ ಬಿಗುಮಾನದಿಂದ ಕುಳಿತಿದ್ದೆ. ಮೂರನೆಯದಕ್ಕೆ ಕರಗಿ ಎಲ್ಲ ಒಪ್ಪಿಕೊಂಡೆ. ಕಣ್ಣು ಮುಚ್ಚಿದ್ದು, ತೊಟ್ಟಿಲು, ಕೂದಲು, ಕೇರಿಯ ಹತ್ತು ಮನೆ, ಎಲ್ಲ. ಅವಳಿಗೆ ಆಶ್ಚರ್ಯವೇ ಆಗಲಿಲ್ಲ. ಪಿಟೀಲಿಗೂ ನನ್ನ ಬಾಯಾರಿಕೆಗೂ ಇರುವ ಸಂಬಂಧ ಅವಳಿಗೆ ಮೊದಲ ವಾರವೇ ಗೊತ್ತಾಗಿತ್ತಂತೆ. ಹಾಗಾದರೆ ಒಳಗೆ ಯಾರಿದ್ದರು ಅಷ್ಟು ಹೇಳು, ಪುಣ್ಯ ಬರುತ್ತದೆ ಎಂದು ಬೇಡಿಕೊಂಡೆ.

"ಟೀವಿ ನೋಡಿ ಅಂಜಿದ್ದು ದೊಡ್ಡ ಮಾತಲ್ಲ ಬಿಡ್ರಿ," ಎಂದಳು. "ನಿಮ್ಮ ಮಾತ ನಂಬಿ ಆ ಮನಷ್ಯಾ ದಿನಾ ಮಷಿನ್ನಿಗೆ ಕೈ ಹಾಕ್ತಾನ. ಅವಂಗ ಸುಳ್ಳ ಹೇಳಿ ಬಂದೀರಲ್ಲ, ಅದಕ್ಕೇನ ಮಾಡ್ತೀರಿ?"

ನಾನು ಕಿಟಕಿಯ ಹೊರಗಿನ ಸಾಗವಾನಿ ಮರಗಳನ್ನು ನೋಡತೊಡಗಿದೆ. ಇಳಿಯುತ್ತಲೇ ಇನಾಸನನ್ನು ಪಕ್ಕಕ್ಕೆ ಕರೆದು ಹೇಳಿಬಿಡಬೇಕೆಂದು ಗಟ್ಟಿ ಮಾಡಿಕೊಂಡೆ. ಆದರೆ ಇಳಿದರೆ, ನಿಲ್ದಾಣಕ್ಕೇ ಆರೇಳು ಜನ ಬಂದಿದ್ದರು!

ಮರಿಯಾಬಾಯಿಗೆ ಎಪ್ಪತ್ತರ ಮೇಲೆ ವಯಸ್ಸು. ಕಣ್ಣು ಮಾತ್ರ ಚುರುಕು, ಬುದ್ಧಿ ಅದಕ್ಕಿಂತ ಚುರುಕು. ಮನೆಯಲ್ಲಿದ್ದ ಒಂದೇ ಕುರ್ಚಿಯನ್ನು ನನಗೆ ಕೊಟ್ಟು, ಸುವರ್ಣಾಳನ್ನು ತನ್ನ ಪಕ್ಕ ಚಾಪೆಯ ಮೇಲೆ ಕೂರಿಸಿಕೊಂಡಳು. ಅನ್ನ, ಕೋಳಿ ಸಾರು ಬಡಿಸಿದರು. ಎರಡನೇ ತುತ್ತು ನುಂಗುವ ಮೊದಲೇ ಕತೆಯನ್ನು ನನ್ನ ಬಾಯಿಂದಲೇ ಕೇಳಬೇಕೆಂಬ ಬೇಡಿಕೆ ಬಂತು. ಇನಾಸ ಹೇಳಿದ್ದು ಬಹಳ ಚುಟುಕಾಯಿತಂತೆ. ಬೇಡ, ಹೇಗೂ ಈಗ ನೋಡುತ್ತೀರಲ್ಲ ಎಂದೆ. ಜನ ಬಿಡಲಿಲ್ಲ. ಹೇಳಿದೆ. ಈ ಸಲ ಗಾಳಿಯ ಸಪ್ಪಳ ಸರಿಯಾಗಿ ಬರಲಿಲ್ಲ.

ಮರಿಯಾಬಾಯಿಗೆ ಹೆದರಿಕೆಗಿಂತ ವಿಚಾರ ಹೆಚ್ಚು. ಇಪ್ಪತ್ತು ವರ್ಷ ಒಳಗೆ ಕುಳಿತವಳಿಗೆ ಊಟ ಯಾರು ಕೊಡುತ್ತಿದ್ದರು ಎಂದು ಕೇಳಿದಳು. ಕಿಟಕಿಯಿಂದ ಎಂದೆ. ಕಿಟಕಿ ಇಲ್ಲ ಅಂತ ಹೇಳಿದ್ದಿರಲ್ಲ ಎಂದಳು. ಕಿಟಕಿ ಅಂದರೆ ಗೋಡೆಯಲ್ಲಿ ಒಂದು ಸಣ್ಣ ಕಿಂಡಿ ಎಂದೆ. ಮಹಡಿಯ ಕಿಂಡಿಗೆ ತಾಟು ಹೇಗೆ ಮುಟ್ಟಿಸುತ್ತಿದ್ದರು ಎಂದಳು. ಏಣಿ ತಂದೆ. ಏಣಿಯನ್ನು ಸೊಸೆ ಇಷ್ಟು ದಿನ ನೋಡಲಿಲ್ಲವೇ ಎಂದಳು. ಏಣಿ ಬಚ್ಚಿಡಲು ಒಬ್ಬ ಮಾಲಿಯನ್ನು ಕೆಲಸಕ್ಕೆ ಇಟ್ಟುಕೊಂಡೆ. ಕೋಳಿ ಸಾರು ಆರುವಷ್ಟರಲ್ಲಿ ನನ್ನ ಬಂಗಲೆಯಲ್ಲಿ ಮಾಲಿ, ಅವನ ಮೂಗ ತಮ್ಮ, ಒಂದು ಸುರಂಗ ಎಲ್ಲ ಸೇರಿ, ಟೀವಿಯವರು ಇನ್ನೂ ಆರು ತಿಂಗಳು ಓಡಿಸಬಹುದಾದಷ್ಟು ಸಾಮಾನು ಕೂಡಿತ್ತು. ಸುವರ್ಣಾ ತಲೆ ತಗ್ಗಿಸಿ ಬಹಳ ಶ್ರದ್ಧೆಯಿಂದ ಮೂಳೆ ಚೀಪುತ್ತಿದ್ದಳು.

ಎರಡು ಗಂಟೆಯಾಯಿತು. ಕರೆಂಟ್ ಹೋಗಲಿ ಎಂದು ನಾನು ಗೊತ್ತಿದ್ದ ದೇವರನ್ನೆಲ್ಲ ಬೇಡಿಕೊಂಡೆ. ಗೋಡೆಯ ಮೇಲಿದ್ದ ಅವರ ದೇವರಿಗೂ ಒಂದು ಅರ್ಜಿ ಹಾಕಿದೆ. ಹೊಸ ಟ್ರಾನ್ಸ್‌ಫಾರ್ಮರ್ ಬಹಳ ಗಟ್ಟಿ ಇತ್ತು. ಕಿಟಕಿಗೆ ಚಾದರ ಕಟ್ಟಿದರು. ಮೂವತ್ತು ಜನರ ಮುಂದೆ ಕುರ್ಚಿಯ ಮೇಲೆ ನಾನು.

ಪಿಟೀಲು ಶುರುವಾಯಿತು. ಬಾಯಾರಿತು. ಏಳಲಿಲ್ಲ. ಈ ಸಲ ನಾನು ನಿಜವಾಗಿಯೂ ಕಣ್ಣು ಬಿಟ್ಟುಕೊಂಡಿದ್ದೆ. ಹೆದರಿಕೆ ಇರಲಿಲ್ಲವೆಂದಲ್ಲ. ಆ ಬಾಗಿಲ ಹಿಂದೆ ಯಾರಿದ್ದಾರೋ ಅವರಿಗಿಂತ ನನ್ನ ಬೆನ್ನ ಹಿಂದೆ ಕುಳಿತ ಇನಾಸನ ಹೆದರಿಕೆಯೇ ಹೆಚ್ಚಾಗಿತ್ತು. ಸೊಸೆಯ ಕೈ ಚಿಲಕದ ಹತ್ತಿರ ಹೋಯಿತು. ಕಿರ್ ಎಂದಿತು. ಅದು ಕೆಳಗಿನ ಪಡಸಾಲೆಯ ಕಿಟಕಿ, ಗಾಳಿಗೆ ಅಲುಗಿದ್ದು. ಝಲ್ ಎಂದಿತು. ಅದು ಆಕೆಯದ್ದೇ ಕಾಲ್ಗೆಜ್ಜೆ, ಹಿಂದೆ ಸರಿದಾಗ ಆದದ್ದು. ಕೂಸು ಅತ್ತಿತು. ಅದು ಬೆಕ್ಕು. ಬೆಕ್ಕು ಮೈಮೇಲೆ ಹಾರಿತು, ಸೊಸೆ ಚೀರಿದಳು, ಮೇಣದಬತ್ತಿ ಆರಿತು. ಬಾಗಿಲು ಹಾಕಿದ್ದು ಹಾಕಿದಂತೆಯೇ ಇತ್ತು. ಮುಂದುವರಿಯುವುದು!

ಚಾದರ ಸರಿಸಿದರು. ಬೆಳಕು ನೇರ ನನ್ನ ಮುಖಕ್ಕೆ ಬಿತ್ತು.

"ಹಂಗಾದ್ರ ಆ ಮಾಲಿ?" ಎಂದಳು ಮರಿಯಾಬಾಯಿ.

"ನಾ ಕಣ್ಣ ಮುಚ್ಚಿದ್ದೆ," ಎಂದೆ. ಅಷ್ಟು ಸಣ್ಣ ದನಿ ನನ್ನಲ್ಲಿದೆ ಎಂದು ನನಗೇ ಗೊತ್ತಿರಲಿಲ್ಲ. "ಅಂಜಿ ಮುಚ್ಚಿದ್ದೆ. ಹೇಳಾಕ ನಾಚಿಕಿ ಆತು."

ಮೊದಲು ನಕ್ಕವಳು ಮರಿಯಾಬಾಯಿ. ತಾನೂ ಗೆಜ್ಜೆ ಕೇಳಿದರೆ ಮುಖಕ್ಕೆ ಸೆರಗು ಎಳೆದುಕೊಳ್ಳುವವಳೇ ಎಂದಳು. ಪಕ್ಕದ ಮನೆಯವನು ತಾನು ಆ ಹೊತ್ತಿಗೆ ದನ ಕಟ್ಟಲು ಏಳುತ್ತೇನೆಂದು ಒಪ್ಪಿಕೊಂಡ. ದನ ಕಟ್ಟಿ ಆಗಲೇ ಒಂದು ತಾಸಾಗಿರುತ್ತದೆ ಎಂದು ಅವನ ಹೆಂಡತಿ ಹೇಳಿದಳು. ಕೂಡಿದವರಲ್ಲಿ ಅರ್ಧ ಜನ ಆ ಧಾರಾವಾಹಿಯನ್ನು ಕಿವಿಯಿಂದಲೇ ನೋಡಿದವರು! ಇಡೀ ಪಡಸಾಲೆ ನಗುತ್ತಿತ್ತು. ನನ್ನ ಸುರಂಗದ ಕತೆಯೇ ಇದಕ್ಕಿಂತ ಚಂದ ಇತ್ತೆಂದು ಯಾರೋ ಸಮಾಧಾನವನ್ನೂ ಹೇಳಿದರು.

ಇನಾಸ ನಗಲಿಲ್ಲ. ಬಸ್ಸಿನವರೆಗೂ ಬಂದು ಕಳಿಸಿಕೊಟ್ಟ. ಸಿಟ್ಟು ಬಂತೇನು ಎಂದು ಕೇಳಿದೆ. ಇಲ್ರಿ ಎಂದ. ಅವನು ಸಿಟ್ಟಾಗಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಸೋಮವಾರ ಎರಡು ಗಂಟೆ. ಚಾರ್ಜು ಕೊಟ್ಟೆ. ಎಲ್ಲ ಬರೋಬ್ಬರಿ ಇದೆ ಎಂದೆ. ಅದು ಅಕ್ಷರಶಃ ನಿಜ, ನಾನು ಹೊರಡುವ ಮೊದಲು ಎರಡೆರಡು ಸಲ ನೋಡಿದ್ದೆ. ಇನಾಸ ಪುಸ್ತಕ ಕೈಗೆ ತೆಗೆದುಕೊಂಡ. ಸಹಿ ಹಾಕಲಿಲ್ಲ. ಟಾರ್ಚ್ ತೆಗೆದುಕೊಂಡು ಮೊದಲ ಡ್ರೈಯರಿನಿಂದ ಶುರುಮಾಡಿ ಕೊನೆಯದರವರೆಗೆ ಒಂದೊಂದೇ ಬೇರಿಂಗನ್ನು ಬಗ್ಗಿ ನೋಡುತ್ತಾ ಹೋದ. ಹನ್ನೊಂದು ವರ್ಷದಲ್ಲಿ ಮೊದಲ ಸಲ. ನಾನು ಊಟದ ಡಬ್ಬಿ ಹಿಡಿದುಕೊಂಡು ಅಲ್ಲೇ ನಿಂತಿದ್ದೆ. ಮೊಸಳೆ, ಹಾವು, ಬಂಗಲೆ ಯಾವುದರ ಮುಂದೆಯೂ ನನಗೆ ಅಷ್ಟು ಕೆಟ್ಟೆನಿಸಿರಲಿಲ್ಲ. ಅವನು ತಿರುಗಿ ಬಂದು ಸಹಿ ಹಾಕಿದ.

"ಬರೋಬ್ಬರಿ ಐತ್ರಿ," ಎಂದ. ಟಾರ್ಚ್ ಆರಿಸುತ್ತಾ ಹೇಳಿದ, "ಇವತ್ತ ಬಾಗಲಾ ತಗೀತಾರಂತ. ನೀವು ಹೇಳೂದ ಬ್ಯಾಡ್ರಿ. ವೈನಿ ಕಡೆ ಒಂದ ಚೀಟಿ ಬರಿಸ್ಕೊಂಡ ಬರ್ರಿ. ಆ ಹೊತ್ತಿಗೆ ಕರೆಂಟ ಇದ್ದರೂ ನಾ ಇಲ್ಲೇ ಇರ್ತೇನಿ, ನಮ್ಮವ್ವ ಗೆಜ್ಜಿ ಕೇಳಿದ ಕೂಡ್ಲೆ ಮಾರಿಗೆ ಸೆರಗ ಎಳಕೋತಾಳ."

ಅವತ್ತು ಸಂಜೆ ಸುವರ್ಣಾ ಟೀವಿಯ ಮುಂದೆ ಪೆನ್ನು ಹಿಡಿದು ಕುಳಿತಳು. ನಾನೂ ಕುಳಿತೆ. ಸತ್ಯಕ್ಕಾಗಿ ಕುಳಿತೆ. ಪಿಟೀಲು ಶುರುವಾಯಿತು. ಎದ್ದು ನೀರು ಕುಡಿಯಲು ಹೋದವನು, ಎಂದಿಲ್ಲದ ಅಕ್ಕರೆಯಿಂದ ಅಡುಗೆಮನೆಯ ಪಾತ್ರೆಯನ್ನೆಲ್ಲ ತೊಳೆದಿಟ್ಟು ಬಂದೆ. ಬಂದಾಗ ಅವಳು ಚೀಟಿ ಮಡಿಸಿ, ನಾಲ್ಕೂ ಅಂಚಿಗೆ ಅನ್ನದ ಅಗುಳು ಹಚ್ಚಿ ಅಂಟಿಸುತ್ತಿದ್ದಳು. ಒಳಗೆ ಯಾರಿದ್ದರು ಎಂದು ಕೇಳಿದೆ. ಅದು ಇನಾಸನಿಗೆ ಕೊಡುವ ಚಾರ್ಜು, ನಡುವಿನವರಿಗೆ ಹೇಳುವಂತಿಲ್ಲ ಎಂದಳು.

ಮರುದಿನ ಆ ಚೀಟಿಯನ್ನು ಎಂಟು ತಾಸು ಅಂಗಿಯ ಜೇಬಿನಲ್ಲಿ ಹೊತ್ತುಕೊಂಡಿದ್ದೆ. ಬೆಳಕಿಗೆ ಹಿಡಿದು ನೋಡಿದೆ. ನಮ್ಮ ಮಿಲ್ಲಿನದ್ದೇ ಕಾಗದ, ಏನೂ ಕಾಣಲಿಲ್ಲ. ಎರಡಕ್ಕೆ ಇನಾಸ ಬಂದು ಮೊದಲು ಚೀಟಿ ಒಡೆದು ಓದಿದ. ಓದಿ, ಆಹಾ ಎಂದ. ಇನ್ನೊಮ್ಮೆ ಓದಿ ಮಡಿಸಿ ಜೇಬಿಗೆ ಇಟ್ಟುಕೊಂಡ. ಆಮೇಲೆ ಮಷಿನ್ ಹೇಗಿದೆ ಎಂದು ಕೇಳಿದ. ಹೇಳಿದೆ. ಟಾರ್ಚ್ ಎತ್ತಿಕೊಂಡು ಹೋದ. ಈ ಸಲ ಅರ್ಧದವರೆಗೆ ಮಾತ್ರ ನೋಡಿ ತಿರುಗಿ ಬಂದ. ನನ್ನ ಕಣ್ಣು ತುಂಬಿ ಬಂತು. ಉಳಿದರ್ಧ ಗಳಿಸಲು ಎಷ್ಟು ದಿನ ಹಿಡಿಯುತ್ತದೋ ಹಿಡಿಯಲಿ, ನಾನು ತಯಾರಿದ್ದೇನೆ.

ಈಗ ದಾಂಡೇಲಿಯಿಂದ ಹಳಿಯಾಳದವರೆಗೆ, ಅತ್ತ ಮಳಗಿಯವರೆಗೂ, ಆ ಬಾಗಿಲ ಹಿಂದೆ ಯಾರಿದ್ದರು ಎಂಬುದು ಎಲ್ಲರಿಗೂ ಗೊತ್ತು. ದಿನಾ ಮಧ್ಯಾಹ್ನ ಎರಡಕ್ಕೆ ಅಂಟಿಸಿದ ಚೀಟಿ ಮುಟ್ಟಿಸುವ ನನ್ನೊಬ್ಬನನ್ನು ಬಿಟ್ಟು.